ಭಾವನ ರೆಕ್ಕೆ ಮತ್ತು ರುಬ್ಬುವ ಕಲ್ಲು

ಮೊದಲು ನೆನಪಾಗುವುದು ನಾತ. ಎಂಬತ್ತರ ದಶಕದ ಆರಂಭವಿರಬೇಕು; ವರ್ಷ ಕೇಳಿದರೆ ಹೇಳಲಾರೆ. ಕುಲಶೇಖರದಲ್ಲಿ ಹೋಟೆಲು ಇಟ್ಟಿದ್ದ ಭಾವ, ನನ್ನ ಅಕ್ಕನ ಗಂಡ, ಮೀನುಗೊಬ್ಬರದ ಪ್ಲಾಸ್ಟಿಕ್ ಚೀಲಗಳನ್ನು ಬಿಚ್ಚಿ ಹೊಲಿಸಿ ಬಿದಿರಿನ ಚೌಕಟ್ಟಿಗೆ ಕಟ್ಟಿಸಿದ್ದರು. ಕೋಣೆಯಷ್ಟು ಅಗಲದ ರೆಕ್ಕೆ. ತೊಳೆಸಿದ್ದೇನೆ ಎಂದರು. ತೊಳೆಸಿರಲಿಲ್ಲ.

ಆಗ ದಿನಾ ಕರೆಂಟು ಹೋಗುತ್ತಿತ್ತು. ಗ್ರೈಂಡರು ಅರ್ಧಕ್ಕೆ ನಿಂತರೆ ಬೆಳಿಗ್ಗೆ ಇಡ್ಲಿಯಿಲ್ಲ. ಎದುರಿನ ಹೋಟೆಲಿನದೂ ಅದೇ ಪಾಡು. ಅದನ್ನು ಮುಳುಗಿಸಬೇಕೆಂಬುದೇ ಭಾವನ ಆಸೆ. ಹಗ್ಗ ಕಟ್ಟಿದ ರೆಕ್ಕೆಯನ್ನು ಹಾರಿಸಿ ಗಾಳಿಯಿಂದ ಕರೆಂಟು ತೆಗೆಯಬಹುದೆಂದು ಯಾವುದೋ ಮಾಸಿಕದಲ್ಲಿ ಓದಿ ಹೇಳಿದವನು ನೀನೇ ಎಂದು ಭಾವ ನನಗೆ ಹೇಳುತ್ತಿದ್ದರು. ನನಗೆ ನಂಬಿಕೆಯಿಲ್ಲ.

ಪಣಂಬೂರಿನ ಕಡಲ ತೀರದಲ್ಲಿ ಪರೀಕ್ಷೆ. ರೆಕ್ಕೆ ಏರುವಾಗ ಹಗ್ಗ ಬಿಚ್ಚಿಕೊಂಡು, ಅದನ್ನು ಸುತ್ತಿಟ್ಟ ಡ್ರಮ್ಮು ತಿರುಗಬೇಕು, ಅದಕ್ಕೆ ಜೋಡಿಸಿದ ಡೈನಮೋ ಬಲ್ಬು ಉರಿಸಬೇಕು.

"ಭಾವ, ಹಗ್ಗ ವಾಪಸ್ ಸುತ್ತಬೇಕಲ್ಲ? ಆಗ ರೆಕ್ಕೆಯನ್ನು ಓರೆ ಮಾಡಲಿಕ್ಕೆ ಇನ್ನೊಂದು ಹಗ್ಗ ಬೇಕು. ಇಲ್ಲದಿದ್ದರೆ ಬಂದ ಕರೆಂಟೆಲ್ಲ ರೆಕ್ಕೆ ಎಳೆಯಲಿಕ್ಕೇ ಹೋಗ್ತದೆ."

"ಎಂತ ಮಾರಾಯ ನಿನ್ನದು! ನಿನ್ನ ಕಾಲೇಜು ಹಿಟ್ಟು ರುಬ್ತದಾ?"

ರೆಕ್ಕೆ ಏರಿತು, ಬಲ್ಬು ಹೊತ್ತಿತು. ಹಗ್ಗ ಮುಗಿದೊಡನೆ ಆರಿತು. ಬಲೆ ಎಳೆಯುವ ಕೆಲಸ ತಪ್ಪಿ ಕೂಲಿಗೆ ಬಂದಿದ್ದ ಇಬ್ಬರು ಡ್ರಮ್ಮಿನ ಹಿಡಿಕೆಗೆ ಜೋತುಬಿದ್ದು ಸುತ್ತತೊಡಗಿದರು. ಅಂಗೈ ಸುಲಿಯಿತು. ಡೈನಮೋಗೆ ತಿರುಗಿಸುವವರು ಯಾರಾದರೇನು? ಬಲ್ಬು ಮತ್ತೆ ಹೊತ್ತಿತು. ನನ್ನ ನೆನಪಿನಲ್ಲಿ ಮೊದಲಿಗಿಂತ ಪ್ರಖರವಾಗಿ. ಸೇರಿದ್ದ ಜನ ಚಪ್ಪಾಳೆ ತಟ್ಟಿದರು.

"ನೋಡಿದೆಯಾ, ಗಾಳಿ!"

"ಗಾಳಿಯಲ್ಲ ಭಾವ, ಇವರು."

"ಇವರಾದರೆ ಎಂತ? ಬೆಳಕು ಉಂಟಲ್ಲ?"

ಹಾಗೆಂದು ಆ ಇಬ್ಬರ ರಟ್ಟೆಗಳನ್ನು ನೋಡಿದರು, ಮಾರ್ಕೆಟ್ಟಿನಲ್ಲಿ ಕಿವಿರು ಎತ್ತಿ ಮೀನು ನೋಡುವ ಹಾಗೆ.

ಮುಂದಿನ ಸಲ ಹೋದಾಗ ಹೋಟೆಲಿನ ಹಿಂದೆ ಅದೇ ಇಬ್ಬರು ದೊಡ್ಡ ಕಲ್ಲಿನಲ್ಲಿ ರುಬ್ಬುತ್ತಿದ್ದರು. ಅಂಗೈಗೆ ಸುತ್ತಿದ ಬಟ್ಟೆ ಹಿಟ್ಟಿನಲ್ಲಿ ತೊಯ್ದಿತ್ತು. ತಲೆಯ ಮೇಲೆ ಚಪ್ಪರವಾಗಿ ಅದೇ ರೆಕ್ಕೆ. ಗಲ್ಲಾದಲ್ಲಿ ಕುಳಿತ ಭಾವ, "ಗಾಳಿ ಕರೆಂಟಿನ ಇಡ್ಲಿ, ತಿಂದು ನೋಡಿ!" ಎಂದು ಗಿರಾಕಿಗಳನ್ನು ಕರೆಯುತ್ತಿದ್ದರು. ಒಂದು ಟೇಬಲೂ ಖಾಲಿಯಿರಲಿಲ್ಲ.

ನನ್ನೆದುರೂ ತಟ್ಟೆ ಬಂತು. ಅದರಿಂದ ಎದ್ದದ್ದು ನಿಜವಾಗಿ ಮೀನಿನ ನಾತವೋ, ನಾನು ಆಮೇಲೆ ಸೇರಿಸಿಕೊಂಡದ್ದೋ ಗೊತ್ತಿಲ್ಲ. ತಟ್ಟೆ ದೂಡಿ ಎದ್ದು ಎದುರಿನ ಹೋಟೆಲಿಗೆ ಹೋದೆ.

ಅಲ್ಲಿ ಇಡ್ಲಿ ಇರಲಿಲ್ಲ. ಕರೆಂಟು ಹೋಗಿತ್ತು.