ಅರ್ಕಾಬಾಯಿ, ತಂದೆ ಸೂರ್ಯನಾರಾಯಣ

ಬಸಂತರಾಯ ಮಾಸ್ತರರು ೧೯೭೪ರ ಶ್ರಾವಣದಲ್ಲಿ ತೀರಿಕೊಂಡರು. ಝಳಕಿಗೆ ಎರಡು ಮೈಲಿ ದೂರದ ನಮ್ಮೂರಿನ ಸರಕಾರಿ ಸಾಲೆಯಲ್ಲಿ ಅವರು ಇಪ್ಪತ್ತಾರು ವರ್ಷ ಕಲಿಸಿದ್ದರು. ನಾನೂ ಅವರ ಹತ್ತಿರ ನಾಲ್ಕನೆಯ ಇಯತ್ತೆ ಮುಗಿಸಿ ಹಿಟ್ಟಿನ ಗಿರಣಿ ಸೇರಿದವನು. ಇಲ್ಲಿ ಬರೆಯುತ್ತಿರುವುದು ಅವರ ಹೆಂಡತಿ ಸುಮಿತ್ರಾಬಾಯಿಯವರ ವಿಷಯ. ಊರೆಲ್ಲ ಅವರನ್ನು ಬಾಯಾರು ಎಂದೇ ಕರೆಯುತ್ತಿತ್ತು.

ಬಾಯಾರು ಚಡಚಣದವರು. ಎತ್ತರದ ಆಳು. ಮಾತು ಕಡಿಮೆ. ಮಧ್ಯಾಹ್ನ ಕಟ್ಟೆಯ ಮೇಲೆ ಕೂತು ಹಳೆಯ ಸೀರೆಯ ತುಂಡುಗಳಿಂದ ಕೌದಿ ಹೊಲಿಯುತ್ತಿದ್ದರು. ಮದುವೆಯಾಗಿ ಬಂದಾಗ ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಮಾಸ್ತರರೇ ಪಾಟಿ ಬಳಪ ಕೊಟ್ಟು ಕಲಿಸಿದರು. ಅವರ ಸಹಿ ಅಚ್ಚಿನ ಅಕ್ಷರದ ಹಾಗೆ ಇತ್ತು.

ಮಾಸ್ತರರದು ಬಲು ಕಟ್ಟುನಿಟ್ಟು. ಲೆಕ್ಕ ಸರಿ ಮಾಡಿ ಉತ್ತರದ ಕೆಳಗೆ ಗೆರೆ ಎಳೆಯದಿದ್ದರೆ ಅರ್ಧ ಅಂಕ ಕಳೆಯುತ್ತಿದ್ದರು; ನಮ್ಮ ಕಡೆ ಅದಕ್ಕೆ ಗುಣ ಎನ್ನುತ್ತಾರೆ. ಸ್ವಂತ ಮಗಳಿಗೂ ಕಳೆದಿದ್ದಾರೆ. ಅವರು ಸುಳ್ಳು ಹೇಳಿದ್ದನ್ನು ನಮ್ಮೂರಲ್ಲಿ ಯಾರೂ ಕೇಳಿಲ್ಲ.

ಅವರು ಹೋದ ಮೇಲೆ ಬಿಜಾಪುರದ ಶಿಕ್ಷಣ ಕಚೇರಿಯಿಂದ ಬಾಯಾರಿಗೆ ಒಂದು ಲಕೋಟೆ ಬಂತು. ನಾನೂ ಓದಿದೆ. ಮಾಸ್ತರರ ನೌಕರಿ ಪುಸ್ತಕದಲ್ಲಿ ಹೆಂಡತಿ ಎಂದು ಸುಂದರವ್ವನ ಹೆಸರಿತ್ತು. ಸುಂದರವ್ವ ಅವರ ಎರಡನೆಯ ಹೆಂಡತಿ. ಮದುವೆಯಾದ ಮೂರು ವರ್ಷಕ್ಕೇ ಸತ್ತವಳು. ಮೊದಲನೆಯವಳು ದುರ್ಗವ್ವ. ಅವಳೂ ಬಾಣಂತಿತನದಲ್ಲಿ ಹೋದಳು. ಪುಸ್ತಕದಲ್ಲಿ ಆಮೇಲೆ ಯಾರೂ ಹೆಸರು ತಿದ್ದಿರಲಿಲ್ಲ. ಆದ್ದರಿಂದ ಸುಮಿತ್ರಾಬಾಯಿ ಹೆಂಡತಿ ಎನ್ನುವುದಕ್ಕೆ ಮದುವೆ ನೋಂದಣಿಯ ನಕಲು ತರಬೇಕು, ಅದಿಲ್ಲದೆ ಪಿಂಚಣಿ ಕೊಡಲಾಗದು ಎಂದು ಬರೆದಿದ್ದರು.

"ಇಪ್ಪತ್ತ ವರ್ಷ ಬಾಳೇವಿ ಮಾಡೇನಿ. ಈಗ ನೀ ಯಾರು ಅಂತ ಕೇಳಾಕತ್ತಾರ," ಎಂದರು ಬಾಯಾರು.

"ಅದು ಬರೇ ಕಾಗದದ ಮಾತ್ರಿ ಬಾಯಾರ," ಎಂದೆ.

"ಮಗಳ ಸಾಲಿ ಫೀ ಕಟ್ಟೂದು ಆ ಕಾಗದಾನ ಅಲ್ಲೇನೋ ಪರಮಾನಂದ."

ನಾನು ಕಾಗದ ಮಡಚಿ ಅವರ ಕೈಗೆ ಕೊಟ್ಟೆ.

ಅವರ ಮದುವೆ ಐವತ್ತೈದನೆಯ ಇಸವಿಯ ವೈಶಾಖದಲ್ಲಿ ಆಗಿತ್ತು. ಆಗ ನಮ್ಮದು ಮುಂಬೈ ರಾಜ್ಯ. ಮದುವೆಯಾದವರು ಕಾಗದ ತುಂಬಿ ನೋಂದಾಯಿಸಬೇಕೆಂದು ಕಾಯದೆ ಬಂದಿತ್ತು. ಬಹಳ ಮಂದಿ ಅದರ ಗೊಡವೆಗೆ ಹೋಗಲಿಲ್ಲ. ಮಾಸ್ತರರು ಮಾತ್ರ ಅಕ್ಷತೆ ಬಿದ್ದ ದಿನವೇ ಕೂತು ತುಂಬಿದ್ದರು. ಅದನ್ನು ನೆನೆದು ಬಾಯಾರಿಗೆ ಧೈರ್ಯ ಬಂತು. ಸೋಮವಾರ ಇಂಡಿಯ ನೋಂದಣಿ ಕಚೇರಿಗೆ ಹೋದೆವು. ದಫ್ತರ ಅಟ್ಟದ ಮೇಲಿದೆ, ಮುಂದಿನ ವಾರ ಬರ್ರಿ ಎಂದರು ಅಲ್ಲಿನ ಕಾರಕೂನರು. ಮುಂದಿನ ವಾರ ಹೋದಾಗ ಕೆಂಪು ಬಟ್ಟೆಯ ಗಂಟು ಬಿಚ್ಚಿ ಇಟ್ಟಿದ್ದರು.

"ಸಿಕ್ಕೈತಿ ನೋಡ್ರಿ ಬಾಯಾರ. ಏನ್ ಅಕ್ಷರ್ರಿ ಇವು! ಮುತ್ತ ಪೋಣಿಸಿದಂಗ ಅದಾವ."

ಬಾಯಾರು ಬಗ್ಗಿ ನೋಡಿದರು. ಗುರುತು ಸಿಕ್ಕಿ ಮುಖ ಅರಳಿತು. ಕಾರಕೂನರು ಬೆರಳಿಟ್ಟು ಓದುತ್ತ ಹೋದರು. 'ವರನ ಹಿಂದಿನ ಮದುವೆಗಳು' ಎಂಬಲ್ಲಿ ಬೆರಳು ನಿಂತಿತು.

"ದುರ್ಗವ್ವ, ಮೃತ. ಸುಂದರವ್ವ, ಮೃತ. ಅರ್ಕಾಬಾಯಿ, ತಂದೆ ಸೂರ್ಯನಾರಾಯಣ..." ಅವರು ತಲೆ ಎತ್ತಿದರು. "ಈ ಅರ್ಕಾಬಾಯಿ ಎಲ್ಲಿ ಅದಾಳ್ರಿ?"

ಬಾಯಾರು ಸೆರಗು ಎಳೆದುಕೊಂಡರು. 

"ಮೃತ ಅಂತ ಬರದಿಲ್ಲ. ಅಂದ್ರ ಜೀವಂತ ಅದಾಳ. ಆಕಿ ಇರೂವಾಗ ನಿಮ್ಮನ್ನ ಮಾಡ್ಕೊಂಡಿದ್ರ ಕಾಯದೆ ಪ್ರಕಾರ ನಿಮ್ಮದು ಮದುವೀನ ಅಲ್ಲ. ನಕಲು ಕೇಳಿದ್ರ ಕೊಡ್ತೇನಿ, ಇದ್ದದ್ದು ಇದ್ದಂಗ. ಆದ್ರ ಬಿಜಾಪುರದಾಗ ಇದನ್ನ ಓದಿದ್ರ ನಿಮ್ಮ ಕೆಲಸ ಕೆಡತೈತಿ. ವಿಚಾರ ಮಾಡ್ರಿ."

ಹೊರಗೆ ಬಂದೆವು. ನಾನು ಅವರ ಮುಖ ನೋಡಲು ಅಂಜಿದೆ. ಮಾಸ್ತರರಿಗೆ ಇನ್ನೊಬ್ಬ ಹೆಂಡತಿ! ಊರಿಗೆ ಗೊತ್ತಾದರೆ ಏನಂದಾರು?

ಕಚೇರಿಯ ಎದುರು ಬೇವಿನ ಗಿಡದ ಕೆಳಗೆ ಫಕೀರಸಾಬ ಎಂಬ ಮುದುಕರು ಅರ್ಜಿ ಬರೆದುಕೊಡುತ್ತಿದ್ದರು. ಬಾಯಾರು ಅವರ ಹತ್ತಿರ ಕೂತರು. ಆಮೇಲೆ ನಿಧಾನವಾಗಿ ಹೇಳಿದರು.

"ಅರ್ಕಾಬಾಯಿ ಹೆಂಗಸಲ್ರಿ. ಎಕ್ಕಿ ಗಿಡ."

ಫಕೀರಸಾಬರ ಕೈಯ ಲೆಕ್ಕಣಿಕೆ ಹಾಗೇ ನಿಂತಿತು. ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ಚಡಚಣದ ಕಡೆ ಕೆಲವು ಮನೆತನಗಳಲ್ಲಿ ಒಂದು ಪದ್ಧತಿ ಇದೆ. ಇಬ್ಬರು ಹೆಂಡಿರು ಸತ್ತವನು ಮತ್ತೆ ಮದುವೆಯಾದರೆ ಮೂರನೆಯವಳೂ ಉಳಿಯುವುದಿಲ್ಲ ಎಂಬ ಅಂಜಿಕೆ. ಅದಕ್ಕೆ ಮೊದಲು ಎಕ್ಕಿ ಗಿಡಕ್ಕೆ ಸೀರೆ ಉಡಿಸಿ, ಅರಿಷಿಣ ಹಚ್ಚಿ ತಾಳಿ ಕಟ್ಟುತ್ತಾರೆ. ಆ ಗಿಡ ಸೂರ್ಯದೇವರ ಮಗಳು ಎಂದು ಅಯ್ಯನವರು ಮಂತ್ರ ಹೇಳುತ್ತಾರೆ. ತಾಳಿ ಬಿದ್ದ ಮೇಲೆ ಗಿಡ ಕಡಿದು ಹಾಕುತ್ತಾರೆ. ಮೂರನೆಯವಳಿಗೆ ಬರುವ ಸಾವು ಗಿಡಕ್ಕೆ ಹೋಯಿತು. ಆಮೇಲೆ ಬರುವ ಹುಡುಗಿ ನಾಲ್ಕನೆಯವಳು.

"ನಮ್ಮವ್ವ ಕಸ್ತೂರೆವ್ವ ನನ್ನ ಕೊಡಾಕ ಒಪ್ಪಿದ್ದಿಲ್ಲ," ಎಂದರು ಬಾಯಾರು. "ಗಿಡದ ಮದುವಿ ಆದ್ರೂ ಅಕಿಗೆ ಸಮಾಧಾನಿಲ್ಲ. ಅವರು ಕಾಗದ ತುಂಬೂವಾಗ ಬಂದು ಕೇಳಿದ್ಲು, ನನ್ನ ಮಗಳ್ನ ಎಷ್ಟನೇದಾಕಿ ಅಂತ ಬರದ್ರಿ ಅಂತ. ನಾಕನೇದಾಕಿ ಅಂದ್ರು. ಅವತ್ತ ನಮ್ಮವ್ವ ಉಂಡ್ಲು."

"ಹಂಗಾದ್ರ ಗಿಡದ ಮುಂದ ಮೃತ ಅಂತ ಯಾಕ ಬರೀಲಿಲ್ರಿ?" ಎಂದರು ಫಕೀರಸಾಬ.

"ಅಕ್ಷತೆ ಬಿದ್ದ ದಿನ. ಅದಾಗ್ಲೇ ಎಲ್ಡ ಸಲ ಆ ಮಾತ ಬರದಿದ್ರು. ನಮ್ಮವ್ವ ಎದುರಿಗೇ ನಿಂತಿದ್ಲು."

ಫಕೀರಸಾಬರು ಗಡ್ಡ ತುರಿಸಿಕೊಂಡರು. "ಒಂದು ಹಾದಿ ಐತಿ ಬಾಯಾರ. ಅಕಿನ್ನ ಕೊಂದುಬಿಡೂಣು. ಅರ್ಕಾಬಾಯಿ ಕಾಲರಾ ಬಂದು ಸತ್ತಳು ಅಂತ ಒಂದು ಅರ್ಜಿ, ಎಲ್ಡು ಸಾಕ್ಷಿ. ಕೆಲಸ ಖಲಾಸ್."

"ಯಾವಾಗ ಸತ್ಲಂತ ಬರೀತೀರಿ? ಮುಂಜಾನಿ ಅಕಿ ಮದುವಿ, ಮಧ್ಯಾಹ್ನ ನಂದು."

ಫಕೀರಸಾಬರು ಬೆರಳು ಮಡಚಿದರು, ಬಿಚ್ಚಿದರು. "ಮುಂಜಾನಿ ಮದುವಿ, ಹೊತ್ತೇರಿದ ಮ್ಯಾಲ ಕಾಲರಾ, ಮಧ್ಯಾಹ್ನಕ್ಕ ಮತ್ತ ಮದುವಿ. ಯಾ ಅಲ್ಲಾ. ಪೋಲೀಸ್ರು ನನ್ನನ್ನೂ ಒಯ್ತಾರ."

ಬಾಯಾರೂ ನಕ್ಕರು. ಗಂಡ ಹೋದ ಮೇಲೆ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಕೂಡಲೇ ಮುಖ ಇಳಿಯಿತು.

"ಸುಳ್ಳ ಬ್ಯಾಡ್ರಿ. ಇಲ್ಲದಾಕಿನ್ನ ಸಾಯಿಸಿದ್ರ ಇದ್ಲು ಅಂತ ಒಪ್ಪಿಕೊಂಡಂಗ ಆಕ್ಕೈತಿ. ಸಾಹೇಬ್ರಿಗೆ ಖರೇ ಹೇಳೂಣು."

ಖರೆ ಹೇಳಲು ಸಾಕ್ಷಿ ಬೇಕಿತ್ತು. ಬಾಯಾರ ಸೋದರಮಾವ ರೇವಪ್ಪ ಇನ್ನೂ ಇದ್ದರು. ಎಪ್ಪತ್ತೆರಡು ವರ್ಷ, ಕಿವಿ ಚುರುಕು, ಬಾಯಿ ಅದಕ್ಕಿಂತ ಚುರುಕು. ಅವರನ್ನು ಚಡಚಣದಿಂದ ಕರೆತಂದೆವು. ಬಸ್ಸಿನಲ್ಲಿ ಬಾಯಾರು ಎಷ್ಟು ಹೇಳಿಕೊಟ್ಟರೂ "ನಂಗ ಕಲಸಬ್ಯಾಡವಾ, ನಾ ಕಚೇರಿ ಕಾಣದಾಂವೇನು?" ಎಂದರು.

ನೋಂದಣಿ ಕಚೇರಿಯ ಸಾಹೇಬರು ಮೈಸೂರು ಕಡೆಯವರು. ವಯಸ್ಸು ಚಿಕ್ಕದು. ನಮ್ಮನ್ನು ಕೂರಿಸಿ ಮಾತಾಡಿದರು.

"ಈ ಅರ್ಕಾಬಾಯಿ ನಿಮಗೆ ಗೊತ್ತಾ, ಯಜಮಾನರೇ?"

"ಗೊತ್ತಿಲ್ಲದೇನ್ರಿ. ಅಕಿನ್ನ ಕಡದಾಂವನ ನಾನು."

ಕಾರಕೂನರು ಬರೆಯುವುದನ್ನು ನಿಲ್ಲಿಸಿದರು. ಸಾಹೇಬರು ಕುರ್ಚಿಯಲ್ಲಿ ನೆಟ್ಟಗಾದರು. "ಏನಂದ್ರಿ?"

"ಕೊಡ್ಲೀಲೆ ರಿ. ಎಲ್ಡ ಏಟಿಗೆ ಬಿದ್ಲು. ಬಳಾಬಳಾ ಹಾಲು ಸೋರಿತು ನೋಡ್ರಿ."

"ಮಾವ, ಮೊದಲ ಗಿಡ ಅಂತ ಹೇಳ್ರಿ!" ಬಾಯಾರು ಕೂಗಿದರು.

"ಗಿಡಾನ ಅಲ್ಲೇನವಾ? ಎಕ್ಕಿ ಗಿಡ ರಿ ಸಾಹೇಬ್ರ. ನೀವ್ ಏನ್ ತಿಳಕೊಂಡ್ರಿ, ನಾ ಏನ್ ಖೂನಿಗಾರೇನು?"

ಕಾರಕೂನರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಸಾಹೇಬರು ನಗಲಿಲ್ಲ. ಗಿಡದ ಜೊತೆ ಮದುವೆಯಾ ಎಂದು ಎರಡು ಸಲ ಕೇಳಿದರು. ಪದ್ಧತಿಯನ್ನು ಪೂರ್ತಿ ಬಿಡಿಸಿ ಕೇಳಿಸಿಕೊಂಡರು. ಅವ್ವನ ಸಮಾಧಾನಕ್ಕೆ ಮಾಸ್ತರರು ತಿಳಿದೇ ಹಾಗೆ ಬರೆದರು ಎಂಬುದನ್ನೂ ಬಾಯಾರು ಹೇಳಿದರು. ರೇವಪ್ಪ ಹೆಬ್ಬೆಟ್ಟು ಒತ್ತಿದರು. ನನ್ನ ಮನಸ್ಸು ಹಗುರಾಯಿತು. ಕೆಲಸ ಮುಗಿಯಿತು ಎಂದುಕೊಂಡೆ.

"ಸರಿ ಅಮ್ಮ," ಎಂದರು ಸಾಹೇಬರು. "ನೀವೂ ಒಂದು ಹೇಳಿಕೆಗೆ ಸಹಿ ಮಾಡಿ. ನಾನು ಆ ಸಾಲು ಹೊಡೆದು ಷರಾ ಬರೆದು ನಕಲು ಕೊಡ್ತೀನಿ."

ಕಾರಕೂನರು ಬರೆದು ಓದಿದರು. ನನಗೆ ಇನ್ನೂ ಬಾಯಿಪಾಠ ಇದೆ. 'ಅರ್ಕಾಬಾಯಿ ಎಂಬ ಹೆಂಗಸು ಇರಲಿಲ್ಲ. ನನ್ನ ಗಂಡ ಬಸಂತರಾಯರು ಸರಕಾರಕ್ಕೆ ಸುಳ್ಳು ಮಾಹಿತಿ ಕೊಟ್ಟಿದ್ದಾರೆ. ನಾನು ಅವರ ಮೂರನೆಯ ಹೆಂಡತಿ.'

ಬಾಯಾರು ಲೆಕ್ಕಣಿಕೆ ತೆಗೆದುಕೊಳ್ಳಲಿಲ್ಲ.

"ಮೂರನೇದಾಕಿ ಅಂತ ಬರೀರಿ. ಇನ್ನ ನಂಗೇನ ಅಂಜಿಕಿ? ನಾ ಸಾಯಬಾರ್ದು ಅಂತ ಬರದವ್ರು, ಅವರ ಹೋದ್ರು. ಆದ್ರ ಸುಳ್ಳು ಅನ್ನೂದು ಬ್ಯಾಡ್ರಿ."

"ಆ ಮಾತು ಇಲ್ಲದಿದ್ರೆ ನಾನು ಯಾವ ಆಧಾರದ ಮೇಲೆ ಸಾಲು ಹೊಡೀಲಿ ಅಮ್ಮ? ಅವರು ಬರೆದದ್ದು ನಿಜ ಅಂದ್ರೆ ಆ ಹೆಂಗಸು ಇದ್ದಾಳೆ. ನಿಮ್ಮ ಮದುವೆ ಇಲ್ಲ. ನಿಮ್ಮ ಮದುವೆ ಇದೆ ಅಂದ್ರೆ ಅವರು ಬರೆದದ್ದು ನಿಜ ಅಲ್ಲ. ಎರಡರಲ್ಲಿ ಒಂದು."

"ತಪ್ಪ ಅಂತ ಬರೀಬಹುದಲ್ರಿ?"

"ತಪ್ಪಿ ಬರೆದದ್ದಲ್ಲ ಅಂತ ನೀವೇ ಹೇಳಿದಿರಲ್ಲ. ತಿಳಿದೇ ಬರೆದರು ಅಂತ."

ಬಾಯಾರು ಖರೆಯನ್ನೇ ಹೇಳಿದ್ದರು. ಆ ಮಾತೇ ಈಗ ಅವರನ್ನು ಕಟ್ಟಿಹಾಕಿತು. ಸಾಹೇಬರ ಮೇಲೆ ಸಿಟ್ಟು ಮಾಡಲೂ ಬರುವಂತಿರಲಿಲ್ಲ. ಅವರು ಕೆಟ್ಟವರಲ್ಲ.

"ಅರ್ಧ ಗುಣಕ್ಕ ಮಗಳ್ನ ಅಳಿಸಿದ ಮನಷ್ಯಾ ರಿ ಅವರು," ಎಂದರು ಬಾಯಾರು. ದನಿ ಸಣ್ಣದಾಗಿತ್ತು. "ಜನ್ಮದಾಗ ಒಂದ ಸಲ ಹಂಗ ಬರದ್ರು. ಅದೂ ನನ್ನ ಸಲುವಾಗಿ. ಅದಕ್ಕ ನಾನ ಸಹಿ ಮಾಡ್ಲೇನು, ಸುಳ್ಳು ಅಂತ?"

 ಹೊರಗೆ ಟಾಂಗಾದವನು ಯಾರನ್ನೋ ಬೈಯುವುದು ಕೇಳುತ್ತಿತ್ತು. 

"ಅವಸರ ಇಲ್ಲ. ವಿಚಾರ ಮಾಡಿ ಬನ್ನಿ," ಎಂದರು ಸಾಹೇಬರು.

ಬಾಯಾರು ಎದ್ದರು. ಬಾಗಿಲತನಕ ಹೋದರು. ನಾನೂ ಚೀಲ ತೆಗೆದುಕೊಂಡೆ. ಅವರು ಹೊಸ್ತಿಲ ಹತ್ತಿರ ನಿಂತು ನನ್ನನ್ನು ಕೇಳಿದರು.

"ಪರಮಾನಂದ, ಮಗಳ ಪರೀಕ್ಷಾ ಫೀ ಯಾವತ್ತ ಅಂದ್ರು?"

"ಇಪ್ಪತ್ತನೇ ತಾರೀಕ್ರಿ."

ತಿರುಗಿ ಬಂದರು. ನಿಂತುಕೊಂಡೇ ಸಹಿ ಮಾಡಿದರು. ಒಂದೊಂದೇ ಅಕ್ಷರ, ಅಚ್ಚಿನ ಹಾಗೆ. ಮಾಡಿದ ಮೇಲೆ ಅದರ ಕೆಳಗೆ ಒಂದು ಗೆರೆ ಎಳೆದರು. ಅದು ಮಾಸ್ತರರು ಕಲಿಸಿದ್ದು.

ಸಾಹೇಬರು ದಫ್ತರ ಎಳೆದುಕೊಂಡು ಅರ್ಕಾಬಾಯಿಯ ಸಾಲಿನ ಮೇಲೆ ಕೆಂಪು ಶಾಯಿಯಲ್ಲಿ ಗೆರೆ ಹೊಡೆದರು. ಪಕ್ಕದಲ್ಲಿ ಷರಾ ಬರೆದರು. ಬಾಯಾರು ಮೇಜಿನ ಮೇಲೆ ಬಗ್ಗಿ ಅದನ್ನೇ ನೋಡುತ್ತಿದ್ದರು. ಶಾಯಿ ಆರುವ ತನಕ ಕದಲಲಿಲ್ಲ. ಗೆರೆಯ ಕೆಳಗೆ ಮಾಸ್ತರರ ಅಕ್ಷರ ಇನ್ನೂ ಓದಲು ಬರುತ್ತಿತ್ತು.

ನಕಲು ಸಿಕ್ಕಿತು. ಬಿಜಾಪುರಕ್ಕೆ ಕಳಿಸಿದೆವು. ಮಂಜೂರಾಗಿ ಬರಲು ಇನ್ನೂ ಏಳು ತಿಂಗಳು ಹಿಡಿಯಿತು. ಆ ಸಲದ ಫೀ ಕಟ್ಟಲು ಬಾಯಾರು ಹೊಲಿದಿಟ್ಟ ಕೌದಿಗಳನ್ನು ಮಾರಿದರು.

ಆ ದಿನ ರೇವಪ್ಪನನ್ನು ಚಡಚಣದ ಬಸ್ಸಿಗೆ ಹತ್ತಿಸಿ ನಾವಿಬ್ಬರೂ ನಮ್ಮ ಬಸ್ಸು ಹಿಡಿದೆವು. ಬಾಯಾರು ಕಿಟಕಿಯ ಕಡೆ ಕೂತಿದ್ದರು. ದಾರಿಯ ದಂಡೆಗೆ ಅಲ್ಲಲ್ಲಿ ಎಕ್ಕಿ ಗಿಡಗಳು ಬೆಳೆದಿದ್ದವು. 

"ಪರಮಾನಂದ."

"ಹೂಂ ರಿ."

"ಮಾಸ್ತರ ಇದ್ದಿದ್ರ ಇವತ್ತ ನಂಗ ಎಷ್ಟ ಗುಣಾ ಕೊಡ್ತಿದ್ರೋ?"

ನಾನು ವಿಚಾರ ಮಾಡಿದೆ.  ಅಷ್ಟರಲ್ಲಿ ಝಳಕಿ ಬಂತು. ಇಳಿದು ಊರಿನ ಹಾದಿ ಹಿಡಿದೆವು.