ಅಂಜಿನಮ್ಮನ ಪಥ್ಯ

ಅಂಜಿನಮ್ಮ ನನ್ನ ಮೈದುನ ಪಿಳ್ಳಣ್ಣನ ಹೆಂಡತಿ. ಒಂದೇ ಒಲೆಯ ಮುಂದೆ ಬಾಳಿದವರು ನಾವು. ಕುಂದಾಣದ ನಮ್ಮ ಮನೆಗೆ ಸೊಸೆಯಾಗಿ ಬಂದಾಗ ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಇಟ್ಟುಕೊಂಡು ಬಾವಿಯ ಏರನ್ನು ಒಂದೇ ಉಸಿರಿಗೆ ಹತ್ತಿ ಬರುತ್ತಿದ್ದಳು. ಆಮೇಲೆ ಉಬ್ಬಸ ಹಿಡಿಯಿತು. ಬರಿಗೈಯಲ್ಲಿ ಬಂದರೂ ಏರಿನ ನಡುವೆ ಕಲ್ಲಿನ ಮೇಲೆ ಕೂರಬೇಕು. ಅವಳಿಗೆ ದೊಡ್ಡ ಆಸೆಗಳಿರಲಿಲ್ಲ. ಆ ಕಲ್ಲಿನ ಮೇಲೆ ಕೂರದೆ ಮನೆ ಸೇರಬೇಕು, ಅಷ್ಟೇ.

ಯುದ್ಧದ ಕಾಲ ಅದು. ಅಕ್ಕಿ, ಸೀಮೆಎಣ್ಣೆ ಎಲ್ಲಕ್ಕೂ ರೇಷನ್. ಆ ವರ್ಷ ಬೇಸಿಗೆಯಲ್ಲಿ ಪಿಳ್ಳಣ್ಣ ಅವಳನ್ನು ದೊಡ್ಡಬಳ್ಳಾಪುರದ ಪಂಡಿತ ವೆಂಕಟರಮಣಪ್ಪನವರ ಹತ್ತಿರ ಕರೆದುಕೊಂಡು ಹೋದ. ನಾನೂ ಗಾಡಿಯಲ್ಲಿ ಕೂತು ಹೋಗಿದ್ದೆ. ಪಂಡಿತರು ಆಡುಸೋಗೆಯ ಕಪ್ಪು ಲೇಹವನ್ನು ಭರಣಿಯಲ್ಲಿ ತುಂಬಿ ಕೊಟ್ಟು, ದಿನಾ ಜೇನುತುಪ್ಪದಲ್ಲಿ ಕಲಸಿ ತಿನ್ನು ಎಂದರು. ಮೊಸರು, ಬಾಳೆಹಣ್ಣು, ಬದನೆ, ತಣ್ಣೀರು ಕೂಡದು. ಹುರುಳಿ ಸಾರು, ಮೆಣಸಿನ ಸಾರು, ಬಿಸಿ ಮುದ್ದೆ. ಬೆಳಿಗ್ಗೆ ಎಳೆಬಿಸಿಲು ಬಿದ್ದ ಮೇಲೆ ನಿಧಾನವಾಗಿ ಕೆರೆ ಏರಿಯವರೆಗೆ ನಡೆದು ಬರಬೇಕು. ಕೊನೆಗೆ ಬೆರಳೆತ್ತಿ ಹೇಳಿದ ಮಾತು ಇದು:

"ಬರೋ ಚಳಿಗಾಲ ಈ ಮದ್ದಿನ ಮೇಲೆ ದಾಟ್ಬಿಟ್ರೆ ಉಬ್ಬಸ ಸಡಿಲ ಆಗ್ತದೆ ಕಣಮ್ಮ. ಇಲ್ದಿದ್ರೆ ಎದೇಲೇ ಮನೆ ಮಾಡ್ಕೊಂಡ್ಬಿಡ್ತದೆ. ಒಂದು ಮಾತ್ರ ತಿಳ್ಕೊ. ಪಥ್ಯ ಮುರಿದು ಮದ್ದು ಮುಟ್ಟಿದ್ರೆ ಮದ್ದೇ ವಿಷ."

ಅಂಜಿನಮ್ಮ ಆ ಮಾತನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಬಂದಳು. ನಮಗೆಲ್ಲ ಮಜ್ಜಿಗೆ ಬಡಿಸಿ ತಾನು ಬಿಸಿನೀರು ಕುಡಿಯುತ್ತಿದ್ದಳು. ಪಿಳ್ಳಣ್ಣನಿಗೆ ರೇಗಿಸದಿದ್ದರೆ ಊಟ ಸೇರದು.

"ಲೇ, ಹುರುಳಿ ತಿಂದೂ ತಿಂದೂ ನೀನು ಕುದುರೆ ಆಗ್ಬಿಟ್ರೆ ನಾನು ಜಟಕಾ ಎಲ್ಲಿಂದ ತರ್ಲಿ?"

"ಕುದುರೆ ಆದ್ರೆ ಮೊದ್ಲು ಯಾರಿಗೆ ಒದೀತೀನಿ ಅನ್ನೋದೂ ಗೊತ್ತಿರ್ಲಿ," ಎನ್ನುವಳು.

ಮಳೆ ಹಿಡಿಯುವ ಹೊತ್ತಿಗೆ ಅವಳು ಆ ಕಲ್ಲಿನ ಹತ್ತಿರ ನಿಲ್ಲುತ್ತಿದ್ದಳೇ ಹೊರತು ಕೂರುತ್ತಿರಲಿಲ್ಲ. ಅದನ್ನು ಮನೆಗೆ ಬಂದು ನನಗೆ ಹೇಳಿದಳು. ಆ ದಿನ ಅವಳ ಮುಖ ನೋಡಬೇಕಿತ್ತು.

ಗೌರಿ ಹಬ್ಬಕ್ಕೆ ತವರಿನಿಂದ ಅಣ್ಣ ಆವಲಪ್ಪ ಗಾಡಿ ಕಟ್ಟಿಕೊಂಡು ಬಂದ. ಅವಳ ತವರು ದೊಡ್ಡಬೆಳವಂಗಲ. ಉಬ್ಬಸ ಬಂದ ಮೇಲೆ ಹೋಗಿರಲಿಲ್ಲ. ಹೊರಡುವ ಹಿಂದಿನ ದಿನವೆಲ್ಲ ಅವಳು ಮಾಡಿದ ಕೆಲಸ ಒಂದೇ. ಹುರುಳಿ ಹುರಿದು ಬೀಸಿದಳು, ಮೆಣಸು ಕುಟ್ಟಿ ಬಟ್ಟೆಯಲ್ಲಿ ಕಟ್ಟಿದಳು, ಮದ್ದಿನ ಭರಣಿಯನ್ನು ಹಳೆ ಸೀರೆಯಲ್ಲಿ ಮಗುವಿನ ಹಾಗೆ ಸುತ್ತಿದಳು. ನೀರು ಕಾಯಿಸುವ ಚೆಂಬನ್ನೂ ಬಿಡಲಿಲ್ಲ. ನೆಂಟರ ಮನೆಗೆ ಹೋಗುತ್ತೀಯೋ ದಂಡಿಗೆ ಹೋಗುತ್ತೀಯೋ ಎಂದು ಆವಲಪ್ಪ ನಕ್ಕ.

ಅಲ್ಲಿ ನಡೆದದ್ದೆಲ್ಲ ಅವಳೇ ಆಮೇಲೆ ಹೇಳಿದ್ದು. ಹಬ್ಬದ ದಿನವೂ ಅವಳು ಪಥ್ಯ ಬಿಡಲಿಲ್ಲವಂತೆ. ಬೆಳಿಗ್ಗೆ ಎದ್ದು ಊರ ಹೊರಗೆ ನಡೆದು ಬಂದರೆ ಅಣ್ಣನ ಮಕ್ಕಳು, ಅತ್ತೆ ಯಾರ ಹೊಲ ಕಾಯೋಕೆ ಹೋಗಿದ್ರು ಎಂದು ಕಿಸಕಿಸ ನಗುತ್ತಿದ್ದರಂತೆ. ಎಲ್ಲರೂ ಹೋಳಿಗೆಯ ಮೇಲೆ ಬಾಳೆಹಣ್ಣು ಕಿವುಚಿಕೊಂಡು ತಿನ್ನುವಾಗ ಇವಳು ಹುರುಳಿ ಸಾರಿನಲ್ಲಿ ಮುದ್ದೆ ನುಂಗಿದ್ದಳು.

ಹೊರಡುವ ದಿನ ಗಾಡಿ ಬಾಗಿಲಿಗೆ ಬಂದಿತ್ತು. ಮಡಿಲು ತುಂಬಿದ್ದಾಯಿತು. ಆಗ ಅವಳ ತಾಯಿ ಮುನಿತಾಯಮ್ಮ ಒಳಗಿನಿಂದ ಗೋಡೆ ಸವರಿಕೊಂಡು ಬಂದರು. ಕಣ್ಣಿಗೆ ಪೊರೆ ಬಂದು ಆ ಮುದುಕಿಗೆ ಸರಿಯಾಗಿ ಕಾಣದು. ಕೈಯಲ್ಲಿ ಮೊಸರನ್ನದ ತಟ್ಟೆ. ಪಥ್ಯದಲ್ಲಿ ಮೊಸರು ಕೂಡದೆಂದು ಅಂಜಿನಮ್ಮ ಅಲ್ಲಿ ಯಾರಿಗೂ ಬಿಡಿಸಿ ಹೇಳಿರಲಿಲ್ಲ. ಮಗಳು ತವರಿನಿಂದ ಹೊರಡುವಾಗ ತಾಯಿ ಕೈಯಿಂದ ಮೊಸರನ್ನ ಉಣ್ಣಿಸಿ ಕಳಿಸುವುದು ಅವರ ಮನೆಯ ಪದ್ಧತಿ. ಉಣ್ಣದೆ ಹೊಸಿಲು ದಾಟಿದರೆ ಮಗಳು ತವರಿಗೆ ತಿರುಗಿ ಬರುವುದಿಲ್ಲ ಎಂಬ ಅಂಜಿಕೆ. ಆ ಅನ್ನದ ಅಕ್ಕಿಯನ್ನು ಮುದುಕಿ ತನ್ನ ಪಾಲಿನಿಂದಲೇ ಹಿಡಿಹಿಡಿಯಾಗಿ ಎತ್ತಿಟ್ಟಿದ್ದರಂತೆ. ತುತ್ತು ಹಿಡಿದ ಕೈ ಮಗಳ ಬಾಯಿ ಎಲ್ಲಿದೆ ಎಂದು ಗಾಳಿಯಲ್ಲಿ ಹುಡುಕುತ್ತಿತ್ತಂತೆ. ಅಂಜಿನಮ್ಮನೇ ಬಗ್ಗಿ ಬಾಯಿ ಕೊಟ್ಟಳು. ತಟ್ಟೆ ಖಾಲಿಯಾಗುವವರೆಗೂ ಉಂಡಳು.

ಊರಿಗೆ ಬಂದ ಮರುದಿನವೇ ಕೆರೆ ಏರಿಗೆ ಹೋದಳು. ಬಿಸಿನೀರು, ಹುರುಳಿ, ಮೆಣಸು ಎಲ್ಲ ಮೊದಲಿನ ಹಾಗೆಯೇ. ನಮಗೆ ಅನುಮಾನವೇ ಬರಲಿಲ್ಲ. ದೀಪಾವಳಿ ಕಳೆದು ಚಳಿ ಬಿದ್ದಾಗ ಮತ್ತೆ ಕಲ್ಲಿನ ಮೇಲೆ ಕೂರತೊಡಗಿದಳು. ಒಂದು ದಿನ ಅಟ್ಟ ಗುಡಿಸುವಾಗ ಮದ್ದಿನ ಭರಣಿ ಕಣ್ಣಿಗೆ ಬಿತ್ತು. ಬಾಯಿಗೆ ಕಟ್ಟಿದ ಬಟ್ಟೆಯ ಮೇಲೆ ಧೂಳು ಕೂತಿತ್ತು.

ಕೇಳಿದೆ. ಒಲೆಯ ಮುಂದೆ ಕೂತು ಎಲ್ಲ ಹೇಳಿದಳು. ಪಥ್ಯ ಮುರಿದಿದೆ, ಇನ್ನು ಮದ್ದು ಮುಟ್ಟಿದರೆ ವಿಷ ಎಂದು ಅಂದಿನಿಂದ ಮುಟ್ಟಿಯೇ ಇರಲಿಲ್ಲ. ಮಿಕ್ಕದ್ದನ್ನೆಲ್ಲ ನೇಮದಿಂದ ಮಾಡಿದರೆ ಹೇಗೋ ಚಳಿ ದಾಟಬಹುದು ಎಂದುಕೊಂಡಿದ್ದಳು. ಪಂಡಿತರ ಹತ್ತಿರ ಹೋಗಿ ಹೇಳಬಾರದಿತ್ತೇ ಎಂದೆ.

"ಏನಂತ ಹೇಳ್ಲಿ ಅಕ್ಕಾ? ಕಣ್ಣು ಕಾಣ್ದೇ ಇರೋ ನಮ್ಮವ್ವ ಕೈಯಾರೆ ಉಣ್ಸಿದ್ದು ನನ್ನ ಕೆಡಿಸ್ತು ಅಂತ ಹೇಳ್ಲಾ? ಹೇಳಿದ್ರೆ ಇವರಿಗೆ ತಿಳೀತದೆ, ನಮ್ಮಣ್ಣನಿಗೆ ತಿಳೀತದೆ. ಅವ್ವನ ಕಿವಿಗೂ ಬೀಳ್ತದೆ."

ನಾನು ಪಿಳ್ಳಣ್ಣನಿಗೊಬ್ಬನಿಗೆ ಹೇಳಿ, ತವರಿಗೆ ತಿಳಿಯಬಾರದು ಎಂದು ಆಣೆ ಹಾಕಿಸಿಕೊಂಡೆ. ಅವನು ಆಗಿಂದಾಗಲೇ ದೊಡ್ಡಬಳ್ಳಾಪುರಕ್ಕೆ ನಡೆದ. ಪಂಡಿತರು ತಲೆಯ ಮೇಲೆ ಕೈ ಹೊತ್ತು ಕೂತರಂತೆ. ಮದ್ದೇ ವಿಷ ಎನ್ನುವುದು, ಹೆದರಿಕೆ ಇರಲಿ ಎಂದು ಎಲ್ಲರಿಗೂ ಹೇಳುವ ಮಾತಂತೆ. ಒಂದು ದಿನದ ಮೊಸರನ್ನಕ್ಕೆ ಏನೂ ಆಗುತ್ತಿರಲಿಲ್ಲವಂತೆ. ಮರುದಿನದಿಂದ ಮದ್ದು ತಿಂದಿದ್ದರೆ ಸಾಕಿತ್ತು ಎಂದರಂತೆ. ಹೊಸ ಮದ್ದು ಕೊಟ್ಟು ಕಳಿಸಿದರು. ಅಷ್ಟರಲ್ಲಿ ಅವಳಿಗೆ ನುಂಗಿದ್ದು ನಿಲ್ಲುತ್ತಿರಲಿಲ್ಲ. ಮಲಗಲು ಆಗದೆ ಒರಳುಕಲ್ಲಿಗೆ ಎದೆ ಆನಿಸಿ ಕೂತೇ ಇರುತ್ತಿದ್ದಳು. ಆಗಲೂ ಬಿಸಿನೀರು ಕೊಟ್ಟರೆ, ಕುದಿಸಿದ್ದು ತಾನೇ ಎಂದು ಕಣ್ಣಲ್ಲೇ ಕೇಳುವಳು.

ಪುಷ್ಯ ಮಾಸ ಕಳೆಯಲಿಲ್ಲ, ಹೋಗಿಬಿಟ್ಟಳು.

ಆವಲಪ್ಪ ತಾಯಿಯನ್ನು ಗಾಡಿಯಲ್ಲಿ ಕರೆತಂದ. ಅಂಜಿನಮ್ಮನ ಮುಖವನ್ನು ಮುದುಕಿ ಕೈಯಿಂದ ಸವರಿಯೇ ನೋಡಿದರು. ಮಣ್ಣು ಮಾಡಿ ಬಂದ ಮೇಲೆ ನನ್ನನ್ನು ಹತ್ತಿರ ಕೂರಿಸಿಕೊಂಡು ಕೈ ಹಿಡಿದರು.

"ಕಡೇ ಸಲ ಬಂದಾಗ ಹಬ್ಬದೂಟ ಮುಟ್ಲಿಲ್ಲ ಕಣವ್ವ ನನ್ನ ಮಗಳು. ಹೊರಡೋವಾಗ ಮಾತ್ರ ನನ್ನ ಕೈಯಿಂದ ತಟ್ಟೆ ತುಂಬ ಮೊಸರನ್ನ ಉಂಡ್ಳು. ಅದೊಂದೇ ನಂಗೆ ಸಮಾಧಾನ."

ಪಿಳ್ಳಣ್ಣ ಎದ್ದು ಹೊರಗೆ ಹೋದ. ಹೌದಮ್ಮ, ನನಗೂ ಹೇಳಿದ್ದಳು, ತುಂಬ ಚೆನ್ನಾಗಿತ್ತಂತೆ ಎಂದೆ. ಎಷ್ಟು ಚೆನ್ನಾಗಿತ್ತು ಎಂದಳು ಎಂದು ಮುದುಕಿ ಮತ್ತೆ ಕೇಳಿದರು. ಮತ್ತೆ ಹೇಳಿದೆ.