ಲಾಭ ಆದ್ಮೇಲೆ ಎರಡು

ಗೆಳೆಯರೇ, ಇವತ್ತು ಕೃಷ್ಣರಾಜಪುರದ ಮಂಡಿಯಲ್ಲಿ ಒಬ್ಬ ಹೆಂಗಸಿಗೆ ಮನಸ್ಸಿನಲ್ಲೇ ಕೈಮುಗಿದೆ. ಹೆಸರು ಮುನಿಯಮ್ಮ, ತಾನು ಬೆಳೆದ ರಾಗಿ ಮಾರಲು ಬಂದಿದ್ದಳು. ಧಾನ್ಯ ಅಳೆಯುವಾಗ ಮೊದಲ ಕೊಳಗಕ್ಕೆ ‘ಒಂದು’ ಎನ್ನದೆ ‘ಲಾಭ’ ಎಂದು, ಮುಂದಿನದಕ್ಕೆ ‘ಎರಡು’ ಎನ್ನುವುದು ನಮ್ಮ ವಾಡಿಕೆ. ಮಂಡಿ ಸಾಹುಕಾರರ ಅಳತೆಗಾರ ‘ಲಾಭ’ ಎಂದು ಸುರಿದು, ಮುಂದಿನದಕ್ಕೆ ‘ಒಂದು’ ಎಂದುಬಿಟ್ಟ!

ಮುನಿಯಮ್ಮ ಕೊಳಗದ ಮೇಲೆ ಕೈಯಿಟ್ಟಳು. “ಅಣ್ಣಾ, ಲಾಭ ಆದ್ಮೇಲೆ ಎರಡಲ್ವಾ?”

“ಮೊದಲ್ನೇದು ದೇವ್ರ ಪಾಲಮ್ಮಾ, ಲೆಕ್ಕಕ್ಕಿಲ್ಲ” ಎಂದ ಅವನು.

“ಹಂಗಾ? ನಿಮ್ಮ ಸಾವ್ಕಾರ್ರು ದೇವ್ರಾಗಿದ್ದು ನಂಗೊತ್ತೇ ಇರ್ಲಿಲ್ಲ!” ಎಂದವಳೇ, ಅಳೆದ ರಾಶಿಯಿಂದ ಒಂದು ಕೊಳಗ ವಾಪಸ್ಸು ತುಂಬಿ, ಮೂಟೆ ಹೊರುವ ಹಮಾಲಿಗಳ ಟವಲಿಗೆ ಸುರಿದಳು. “ದೇವ್ರ ಪಾಲು. ಹಂಚ್ಕೊಳ್ರಪ್ಪಾ.”

ಹಮಾಲಿಗಳು ಗೊಳ್ಳೆಂದು ನಕ್ಕರು. ಎರಡನೆಯ ಮೂಟೆಗೆ ಅಳತೆಗಾರ ‘ಲಾಭ’ದ ಸುದ್ದಿಯನ್ನೇ ಎತ್ತದೆ ‘ಒಂದು’ ಎಂದೇ ಶುರುಮಾಡಿದ.

ಸಂಜೆ ಮನೆಯಲ್ಲಿ ಎರಡು ಮುದ್ದೆ ಮುಗಿಸಿ ನಾನೂ ಒಂದು ಕೈ ನೋಡಿದೆ. “ಮೊದಲ್ನೇದು ಲಾಭ ಕಣೇ. ಈಗ ಒಂದಾಯ್ತು, ಇನ್ನೊಂದು ಹಾಕು.”

ಹೆಂಡತಿ ಪಾತ್ರೆ ಮುಚ್ಚಿದಳು. “ಮಹಾಯುದ್ಧ ಮುಗಿದ್ರೂ ರೇಷನ್ ಮುಗಿದಿಲ್ಲ ರೀ. ನಮ್ಮನೇಲಿ ಲಾಭಾನೂ ಲೆಕ್ಕಕ್ಕೈತೆ.”